ನೆನಪಿಗೆ ಬೀಗ ಹಾಕಬೇಕೇ?

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ನನ್ನದು. ಅಂದು ಸೋಮವಾರ, ತಿಂಗಳ ಮೊದಲ ದಿನ. ಬೆಳಿಗ್ಗೆ ಒಂಬತ್ತಕ್ಕೆ ಊರೂರುಗಳ ಕೌಂಟರ್‌ಗಳು ತೆರೆದವು, ಒಂಬತ್ತೂ ಹತ್ತಕ್ಕೆ ಫೋನುಗಳು ಶುರುವಾದವು. ಒಂದು ರಸೀದಿ ಹೊರಬರಲು ಎರಡೆರಡು ನಿಮಿಷ ಹಿಡಿಯುತ್ತಿದೆ, ಜನ ಸಾಲಿನಲ್ಲಿ ನಿಂತು ಬೈಯುತ್ತಿದ್ದಾರೆ. ನಾನು ನೋಡಿದರೆ ಡೇಟಾಬೇಸ್‌ನಲ್ಲಿ ಯಾವ ದೋಷವೂ ಇಲ್ಲ. ಪ್ರೊಸೆಸರ್ ಆರಾಮಾಗಿ ಕೂತಿದೆ. ಡಿಸ್ಕ್ ಮಾತ್ರ ಉಸಿರು ಬಿಡಲು ಪುರುಸೊತ್ತಿಲ್ಲದೆ ಓಡುತ್ತಿದೆ.

ಕಾರಣ ಗೊತ್ತಾಗಲು ಒಂದು ಗಂಟೆ ಬೇಕಾಯಿತು. ಆ ಸರ್ವರ್‌ನಲ್ಲಿ 64 ಜಿಬಿ ರ‍್ಯಾಮ್ ಇತ್ತು. ಅದರಲ್ಲಿ 40 ಜಿಬಿಯನ್ನು ಡೇಟಾಬೇಸ್ ತನ್ನ ಶೇರ್ಡ್ ಮೆಮೊರಿಯಾಗಿ ಇಟ್ಟುಕೊಂಡಿತ್ತು. ಡಿಸ್ಕಿನಲ್ಲಿರುವ ದೊಡ್ಡ ದಾಖಲೆಯಲ್ಲಿ ಪದೇ ಪದೇ ಬೇಕಾಗುವ ಭಾಗಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗ ಅದು. ಡೇಟಾಬೇಸ್‌ನ ಎಲ್ಲ ಪ್ರೊಸೆಸ್‌ಗಳಿಗೂ ಅದು ಸಾಮಾನ್ಯ ಆಸ್ತಿ. ಭಾನುವಾರ ರಾತ್ರಿ ಬ್ಯಾಕಪ್ ಓಡಿತ್ತು. ನೂರಾರು ಜಿಬಿಯಷ್ಟು ಫೈಲುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವು. ಮತ್ತೆ ಬೇಕಾಗಬಹುದೆಂದು ಆಪರೇಟಿಂಗ್ ಸಿಸ್ಟಂ ಆ ಫೈಲುಗಳ ತುಣುಕುಗಳನ್ನು ರ‍್ಯಾಮ್‌ನಲ್ಲಿ ಉಳಿಸಿಕೊಳ್ಳುತ್ತಾ ಹೋಯಿತು. ಜಾಗ ಸಾಲದಾದಾಗ ಸುತ್ತ ಕಣ್ಣಾಡಿಸಿತು. ಶನಿವಾರ ಸಂಜೆಯಿಂದ ಯಾರೂ ಮುಟ್ಟದ ಡೇಟಾಬೇಸ್ ಪುಟಗಳು ಕಂಡವು. ಅವನ್ನು ಎತ್ತಿ ಡಿಸ್ಕಿನ ಸ್ವಾಪ್ ಜಾಗಕ್ಕೆ ಹಾಕಿತು. ಸೋಮವಾರ ಬೆಳಿಗ್ಗೆ ಮೊದಲ ಗ್ರಾಹಕ ಬಂದಾಗ, ಡೇಟಾಬೇಸ್ ತನ್ನ ಕೈಯಲ್ಲಿದೆ ಎಂದು ನಂಬಿದ್ದ ಪುಟ ಅದರ ಕೈಯಲ್ಲಿ ಇರಲಿಲ್ಲ. ಡಿಸ್ಕಿಗೆ ಹೋಗುವುದನ್ನು ತಪ್ಪಿಸಲೆಂದೇ ಕಟ್ಟಿಕೊಂಡ ನೆನಪನ್ನು ಓದಲು ಡಿಸ್ಕಿಗೇ ಹೋಗಬೇಕಾಗಿತ್ತು.

ಶೇರ್ಡ್ ಮೆಮೊರಿಗೆ ಬೀಗ ಹಾಕಿಬಿಡೋಣ ಎಂದೆ ನಾನು. ಅಂಥದೊಂದು ಸೌಲಭ್ಯ ಇದೆ. ಈ ಪುಟಗಳು ಏನೇ ಆದರೂ ರ‍್ಯಾಮ್ ಬಿಟ್ಟು ಕದಲಬಾರದೆಂದು ಕರ್ನಲ್‌ಗೆ ಹೇಳಿಬಿಡುವುದು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ತೂರಿಸಿ ಸೀಟು ಹಿಡಿಯುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಸರ್ವರ್‌ಗಳ ಉಸ್ತುವಾರಿ ನೋಡುತ್ತಿದ್ದ ಹಿರಿಯರು ಹುಬ್ಬಳ್ಳಿ ಕಡೆಯವರು. ನನ್ನ ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೀಗ ಹಾಕೂದು ಏನ ದೊಡ್ಡ ಮಾತಲ್ಲ ತಮ್ಮಾ. ಹಾಕಿದ ಮ್ಯಾಲ ಉಳದವ್ರು ಎಲ್ಲಿ ಕುಂದರಬೇಕು? ಅದನ್ನ ಲೆಕ್ಕಾ ಹಾಕೀಯೇನು?"

"64ರಲ್ಲಿ 40 ಹೋದರೆ 24 ಉಳಿಯುತ್ತಲ್ಲ ಸರ್."

"ಅದು ಇವತ್ತಿನ ಲೆಕ್ಕಾ. ನಾಳೆ ಎಷ್ಟು ಮಂದಿ ಬರ್ತಾರ?"

ಅವರು ಏನು ಕೇಳುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಮೇಲಿನವರಿಗೆ ಸೋಮವಾರದ ಬೈಗುಳ ಇನ್ನೂ ಕಿವಿಯಲ್ಲಿತ್ತು, ಹಾಗಾಗಿ ಅಂದು ಗೆದ್ದದ್ದು ನಾನು. ಬೀಗ ಬಿತ್ತು. ಅವರ ಪ್ರಶ್ನೆ ಎಷ್ಟು ಹಳೆಯದು, ಅದರ ಹಿಂದೆ ಯಾರೆಲ್ಲ ತಲೆ ಕೆಡಿಸಿಕೊಂಡಿದ್ದರು ಎಂಬುದನ್ನು ನಾನು ಓದಿಕೊಂಡದ್ದು ಎರಡನೇ ಪೆಟ್ಟು ಬಿದ್ದ ಮೇಲೆ. ಆ ಪೆಟ್ಟಿಗೆ ಆಮೇಲೆ ಬರುತ್ತೇನೆ. ಮೊದಲು ಆ ಪ್ರಶ್ನೆಯ ಕತೆ.

ಅದು ಶುರುವಾಗುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, 1950ರ ದಶಕದಲ್ಲಿ. ಅಂದಿನ ಕಂಪ್ಯೂಟರ್‌ಗೆ ಎರಡು ಬಗೆಯ ನೆನಪು. ಒಂದು ವೇಗದ್ದು, ತೀರಾ ಚಿಕ್ಕದು, ವಿಪರೀತ ದುಬಾರಿ. ಇನ್ನೊಂದು ಗಿರಗಿರ ತಿರುಗುವ ಕಾಂತೀಯ ಡ್ರಮ್. ಅದು ದೊಡ್ಡದು, ಅಗ್ಗ, ನಿಧಾನ. ಪ್ರೋಗ್ರಾಂ ಬರೆಯುವವರು ಯಾವ ತುಣುಕು ಯಾವಾಗ ಡ್ರಮ್ಮಿನಿಂದ ಮೇಲೆ ಬರಬೇಕು, ಅದು ಬಂದಾಗ ಯಾವುದು ಜಾಗ ಬಿಡಬೇಕು ಎಂಬುದನ್ನೆಲ್ಲ ತಾವೇ ಯೋಚಿಸಿ ಬರೆದಿಡಬೇಕಿತ್ತು. ಇದಕ್ಕೆ ಓವರ್‌ಲೇ ಎಂದು ಹೆಸರು. ಗಣಿತದ ಸಮಸ್ಯೆ ಬಿಡಿಸಲು ಬಂದವರ ಸಮಯವೆಲ್ಲ ಸಾಮಾನು ಹತ್ತಿಸಿ ಇಳಿಸುವ ಹಮಾಲಿಯಲ್ಲೇ ಕಳೆಯುತ್ತಿತ್ತು.

ಈ ಹಮಾಲಿಯನ್ನು ಯಂತ್ರಕ್ಕೇ ಒಪ್ಪಿಸಿದವರು ಟಾಮ್ ಕಿಲ್ಬರ್ನ್ ಮತ್ತು ಅವರ ಸಂಗಡಿಗರು. 1948ರಲ್ಲಿ ಅದೇ ಮ್ಯಾಂಚೆಸ್ಟರ್‌ನಲ್ಲಿ, ತನ್ನ ನೆನಪಿನಲ್ಲೇ ಪ್ರೋಗ್ರಾಂ ಇಟ್ಟುಕೊಂಡ ಮೊದಲ ಎಲೆಕ್ಟ್ರಾನಿಕ್ ಯಂತ್ರವನ್ನು ಓಡಿಸಿದ್ದ ಜೋಡಿಯಲ್ಲಿ ಕಿಲ್ಬರ್ನ್ ಒಬ್ಬರು. ವಿಶ್ವವಿದ್ಯಾಲಯ ಫೆರಾಂಟಿ ಕಂಪನಿಯ ಜೊತೆಗೂಡಿ ಕಟ್ಟಿದ ಅಟ್ಲಾಸ್ ಕಂಪ್ಯೂಟರ್ 1962ರ ಡಿಸೆಂಬರ್ 7ರಂದು ಉದ್ಘಾಟನೆಯಾಯಿತು. ಅದರ ವೇಗದ ನೆನಪು, ಎಂದರೆ ಸಣ್ಣ ಸಣ್ಣ ಕಾಂತೀಯ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿ ಮಾಡಿದ ಕೋರ್, 16,384 ಪದಗಳಷ್ಟು. ಡ್ರಮ್ಮುಗಳಲ್ಲಿ 98,304 ಪದಗಳು. ಎಲ್ಲವನ್ನೂ 512 ಪದಗಳ ಪುಟಗಳಾಗಿ ಕತ್ತರಿಸಿದರು. ಕೋರ್‌ನಲ್ಲಿ 32 ಪುಟಗಳಿಗೆ ಜಾಗ. ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಮಾತ್ರ ಕೋರೂ ಡ್ರಮ್ಮೂ ಸೇರಿ ಒಂದೇ ದೊಡ್ಡ ನೆನಪು. ಬೇಕಾದ ಪುಟ ಕೋರ್‌ನಲ್ಲಿ ಇಲ್ಲದಿದ್ದರೆ ಯಂತ್ರವೇ ಕೆಲಸ ನಿಲ್ಲಿಸಿ, ಡ್ರಮ್ಮಿನಿಂದ ತಂದು, ಮುಂದುವರಿಯುತ್ತದೆ. ಇದಕ್ಕೆ ಅವರಿಟ್ಟ ಹೆಸರು 'ಒಂದೇ ಮಟ್ಟದ ಸಂಗ್ರಹ'. ಇಂದು ನಾವು ವರ್ಚುವಲ್ ಮೆಮೊರಿ ಎನ್ನುವುದು ಇದನ್ನೇ. ನಿಮ್ಮ ಜೇಬಿನ ಫೋನಿನಲ್ಲೂ ಇದೇ ಏರ್ಪಾಡು ನಡೆಯುತ್ತಿದೆ.

ಬಂದವರಿಗೆ ಜಾಗ ಬೇಕೆಂದರೆ ಇದ್ದವರಲ್ಲಿ ಯಾರನ್ನು ಏಳಿಸುವುದು? ಅಟ್ಲಾಸ್‌ನಲ್ಲಿ ಇದಕ್ಕೆಂದೇ 'ಕಲಿಯುವ ಪ್ರೋಗ್ರಾಂ' ಒಂದಿತ್ತು. ಪ್ರತಿ 1,024 ಆದೇಶಗಳಿಗೊಮ್ಮೆ ಅದು ಯಾವ ಪುಟಗಳು ಬಳಕೆಯಾದವು ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಯಾವ ಪುಟ ಈಗ ಎಷ್ಟು ಹೊತ್ತಿನಿಂದ ಸುಮ್ಮನಿದೆ, ಹಿಂದಿನ ಸಲ ಎಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಎದ್ದಿತ್ತು ಎಂಬುದನ್ನು ಹೋಲಿಸಿ, ಸದ್ಯಕ್ಕೆ ಬೇಡವಾದುದನ್ನು ಊಹಿಸುತ್ತಿತ್ತು. ನಮ್ಮ ಸೋಮವಾರದ ಅನಾಹುತಕ್ಕೆ ಕಾರಣವಾದ ಊಹೆಯ ಮುತ್ತಜ್ಜ ಇವನೇ. ಅಂದಹಾಗೆ ಬೀಗ ಎಂಬ ಮಾತೂ ಅಟ್ಲಾಸ್‌ನಲ್ಲೇ ಇದೆ. ಪ್ರತಿ ಪುಟಕ್ಕೂ 'ಲಾಕ್ ಔಟ್' ಎಂಬ ಒಂದು ಅಂಕೆ ಇತ್ತು. ಆದರೆ ಅದು ಪುಟವನ್ನು ಒಳಗೆ ಕೂಡಿಹಾಕುವ ಬೀಗವಲ್ಲ. ಡ್ರಮ್ಮಿಗೆ ಸಾಗಾಟ ನಡೆದಿರುವಾಗ ಪ್ರೋಗ್ರಾಂ ಆ ಪುಟದೊಳಗೆ ಕಾಲಿಡದಂತೆ ಹೊರಗೆ ನಿಲ್ಲಿಸುವ ಬೀಗ. ಅರ್ಥ ತಿರುಗುಮುರುಗು.

ಅಟ್ಲಾಸ್‌ನ ಕೋರ್ ಒಂದು ಸಲ ಓದಲು 2 ಮೈಕ್ರೋಸೆಕೆಂಡು ತೆಗೆದುಕೊಳ್ಳುತ್ತಿತ್ತು. ಡ್ರಮ್ಮಿನಲ್ಲಿ ಬೇಕಾದ ಜಾಗ ಕಣ್ಣೆದುರು ಬರಲು ಸರಾಸರಿ 6 ಮಿಲಿಸೆಕೆಂಡು. ಅಂದರೆ ಮೂರು ಸಾವಿರ ಪಟ್ಟು ವ್ಯತ್ಯಾಸ. ನನ್ನ ಸರ್ವರ್‌ನಲ್ಲಿ ರ‍್ಯಾಮ್ ಸುಮಾರು 100 ನ್ಯಾನೊಸೆಕೆಂಡು, ತಿರುಗುವ ಡಿಸ್ಕ್ ಸುಮಾರು 10 ಮಿಲಿಸೆಕೆಂಡು. ಒಂದು ಲಕ್ಷ ಪಟ್ಟು. ಐವತ್ತು ವರ್ಷದಲ್ಲಿ ಎಲ್ಲ ವೇಗವಾಯಿತು ಎನ್ನುತ್ತೇವೆ. ತಪ್ಪಾಗಿ ಊಹಿಸಿದ್ದಕ್ಕೆ ತೆರುವ ದಂಡ ಮಾತ್ರ ಮೂವತ್ತು ಪಟ್ಟಿಗೂ ಹೆಚ್ಚಾಗಿತ್ತು.

ಯಂತ್ರದ ಊಹೆಯನ್ನು ಎಲ್ಲರೂ ಒಪ್ಪಲಿಲ್ಲ. ನನ್ನ ಪ್ರೋಗ್ರಾಂ ನನಗೆ ಗೊತ್ತಿರುವಷ್ಟು ಯಂತ್ರಕ್ಕೆ ಗೊತ್ತಿರಲು ಸಾಧ್ಯವೇ ಎಂದು ಹಳೆಯ ಕೈಗಳು ಕೇಳಿದವು. 1966ರಲ್ಲಿ ಐಬಿಎಂನ ಲಾಸ್ಲೊ ಬೆಲಾಡಿ ಪುಟ ಏಳಿಸುವ ಹಲವು ವಿಧಾನಗಳನ್ನು ತೂಗಿ ನೋಡಿದರು. ಎಲ್ಲಕ್ಕಿಂತ ಉತ್ತಮವಾದದ್ದು, ಭವಿಷ್ಯದಲ್ಲಿ ಅತಿ ತಡವಾಗಿ ಬೇಕಾಗುವ ಪುಟವನ್ನು ಏಳಿಸುವ ವಿಧಾನ. ಭವಿಷ್ಯ ತಿಳಿದ ಯಂತ್ರ ಇಲ್ಲವಾದ್ದರಿಂದ ಅದು ಬೇರೆ ವಿಧಾನಗಳನ್ನು ಅಳೆಯುವ ಕೋಲಾಗಿ ಮಾತ್ರ ಉಳಿಯಿತು. 1969ರಲ್ಲಿ ಅದೇ ಕಂಪನಿಯ ಡೇವಿಡ್ ಸೇರ್ ನೇರವಾಗಿ ಪ್ರಶ್ನೆ ಹಾಕಿಕೊಂಡರು: ಯಂತ್ರ ತಾನಾಗಿ ಮಾಡುವ ಈ ಕೆಲಸ, ಕೈಯಿಂದ ಮಾಡುವುದರ ಜಾಗ ತುಂಬಬಲ್ಲಷ್ಟು ಚೆನ್ನಾಗಿದೆಯೇ? (ಸ್ಫಟಿಕ ವಿಜ್ಞಾನ ಓದಿದವರಿಗೆ ಸೇರ್ ಸಮೀಕರಣ ಗೊತ್ತಿರುತ್ತದೆ. ಅದೇ ಮನುಷ್ಯ ಇವರು. ಫೋರ್ಟ್ರಾನ್ ಕಟ್ಟಿದ ತಂಡದಲ್ಲೂ ಇದ್ದವರು.) ಯಂತ್ರ ಒಟ್ಟಾರೆ ಸೋಲುವುದಿಲ್ಲ ಎಂಬುದೇ ಅವರು ಕಂಡುಕೊಂಡ ಉತ್ತರ. ಆ ಲೇಖನ ಓದುವಾಗ ನನಗೆ ಸ್ವಲ್ಪ ಮುಜುಗರವಾಯಿತು. ನನ್ನ ಪುಟಗಳ ಬಗ್ಗೆ ನನಗೇ ಹೆಚ್ಚು ಗೊತ್ತೆಂದು ಜಂಬ ಕೊಚ್ಚಿಕೊಂಡವರನ್ನು ಅವರು ನಾನು ಹುಟ್ಟುವ ಮೊದಲೇ ಅಳೆದಿಟ್ಟಿದ್ದರು.

ಇದೇ ಹೊತ್ತಿಗೆ ಇನ್ನೊಂದು ಪೀಡೆ ಅಮರಿಕೊಂಡಿತ್ತು. ಒಂದೇ ಯಂತ್ರದಲ್ಲಿ ಹಲವರ ಪ್ರೋಗ್ರಾಂಗಳು ಒಟ್ಟಿಗೆ ಓಡತೊಡಗಿದಾಗ, ಒಂದು ಹಂತದವರೆಗೆ ಎಲ್ಲ ಸರಾಗ. ಇನ್ನೊಂದು ಪ್ರೋಗ್ರಾಂ ಸೇರಿದ ಕೂಡಲೇ ಇಡೀ ಯಂತ್ರ ಕುಸಿದು ಕೂರುತ್ತಿತ್ತು. ನಾನು ನಿನ್ನ ಪುಟ ಏಳಿಸುತ್ತೇನೆ, ನೀನು ನನ್ನದನ್ನು ಏಳಿಸುತ್ತೀಯ, ಕೆಲಸ ಮಾತ್ರ ಯಾರದ್ದೂ ಆಗುವುದಿಲ್ಲ. ಇದಕ್ಕೆ ಥ್ರ್ಯಾಶಿಂಗ್ ಎಂಬ ಹೆಸರು ಬಿತ್ತು. 1968ರಲ್ಲಿ ಪೀಟರ್ ಡೆನಿಂಗ್ ಎಂಬ ಯುವಕ ಇದರ ಬೇರು ಹುಡುಕಿದರು. ಪ್ರತಿ ಪ್ರೋಗ್ರಾಂ ಯಾವುದೇ ಹೊತ್ತಿನಲ್ಲಿ ತನ್ನ ಪುಟಗಳ ಒಂದು ಸಣ್ಣ ಗುಂಪನ್ನು ಮಾತ್ರ ಬಳಸುತ್ತಿರುತ್ತದೆ. ಆ ಗುಂಪಿಗೆ ಅವರು ವರ್ಕಿಂಗ್ ಸೆಟ್ ಎಂದರು. ಎಲ್ಲರ ಗುಂಪುಗಳೂ ಹಿಡಿಸುವಷ್ಟು ಜಾಗ ಇದ್ದರೆ ಮಾತ್ರ ಹೊಸಬರನ್ನು ಒಳಗೆ ಬಿಡಿ, ಇಲ್ಲದಿದ್ದರೆ ಬಾಗಿಲಲ್ಲಿ ಕಾಯಿಸಿ. ಕಂಡಕ್ಟರ್ 'ಹಿಂದಿನ ಬಸ್ಸಿಗೆ ಬನ್ನಿ' ಎಂದು ಬಾಗಿಲು ಎಳೆದುಕೊಳ್ಳುವುದು ಇದೇ ತತ್ವದ ಮೇಲೆ. ಯಾರನ್ನು ಏಳಿಸಬೇಕು ಎನ್ನುವುದಕ್ಕಿಂತ ಎಷ್ಟು ಜನರನ್ನು ಹತ್ತಿಸಬೇಕು ಎನ್ನುವುದು ದೊಡ್ಡ ಪ್ರಶ್ನೆ ಎಂದು ತೋರಿಸಿದ್ದು ಡೆನಿಂಗ್. ಹುಬ್ಬಳ್ಳಿಯ ಹಿರಿಯರು ಕೇಳಿದ್ದೂ ಇದನ್ನೇ. ಅವರು ಡೆನಿಂಗ್ ಓದಿದ್ದರೋ ಇಲ್ಲವೋ, ಸರ್ವರ್ ಬೀಳುವುದನ್ನಂತೂ ಬಹಳ ನೋಡಿದ್ದರು.

1972ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಸಿಸ್ಟಂ 370 ಯಂತ್ರಗಳಿಗೆ ವರ್ಚುವಲ್ ಮೆಮೊರಿ ಘೋಷಿಸಿತು, ವ್ಯಾಪಾರದ ಜಗತ್ತಿನಲ್ಲಿ ವಾದ ಬಹುಮಟ್ಟಿಗೆ ಮುಗಿಯಿತು. ಆದರೆ ಅಲ್ಲೂ ಒಂದು ಕಿಂಡಿ ಉಳಿಸಿಕೊಂಡಿದ್ದರು. ಪುಟ ಬದಲಾವಣೆ ಸಹಿಸದ ಕೆಲಸಗಳು 'ನನಗೆ ನಿಜವಾದ ಜಾಗವೇ ಬೇಕು' ಎಂದು ಕೇಳಿ ಪಡೆಯಬಹುದಿತ್ತು. ಎಲ್ಲರಿಗೂ ಒಂದೇ ಕಾನೂನು ಎಂದವರು ಮೊದಲ ದಿನವೇ ವಿನಾಯಿತಿಯ ಅರ್ಜಿಯನ್ನೂ ಅಚ್ಚು ಹಾಕಿಸಿದ್ದರು.

ಆ ಅರ್ಜಿ ಹಿಡಿದು ಗಟ್ಟಿಯಾಗಿ ಕೂಗಿದವರು ಡೇಟಾಬೇಸ್‌ನವರು. 1981ರಲ್ಲಿ ಬರ್ಕ್ಲಿಯ ಮೈಕೆಲ್ ಸ್ಟೋನ್‌ಬ್ರೇಕರ್ ಒಂದು ಲೇಖನ ಬರೆದರು. ಯೂನಿಕ್ಸ್ ಮೇಲೆ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿ ಕೈ ಸುಟ್ಟುಕೊಂಡ ಅನುಭವ ಅದರಲ್ಲಿದೆ. ಆಪರೇಟಿಂಗ್ ಸಿಸ್ಟಂ ಕೊಡುವ ಸೇವೆಗಳು ಡೇಟಾಬೇಸ್‌ಗೆ ಒಂದೋ ತೀರಾ ನಿಧಾನ, ಇಲ್ಲವೇ ಬೇಡದ್ದು ಎಂಬುದು ಅವರ ದೂರು. ಒಂದು ಉದಾಹರಣೆ ನನ್ನ ಮಾತಿನಲ್ಲಿ ಹೇಳುತ್ತೇನೆ. ಮೂರೇ ಸೀಟುಗಳಿವೆ ಎಂದುಕೊಳ್ಳಿ. ಡೇಟಾಬೇಸ್‌ಗೆ ನಾಲ್ಕು ಪುಟಗಳು ಸರದಿಯಲ್ಲಿ ಬೇಕು, 1, 2, 3, 4, ಮತ್ತೆ 1, 2, 3, 4. ಅತಿ ಹಳೆಯದಾಗಿ ಮುಟ್ಟಿದ್ದನ್ನು ಏಳಿಸು ಎಂಬುದು ಆಪರೇಟಿಂಗ್ ಸಿಸ್ಟಂನ ರೂಢಿಯ ನಿಯಮ. ನಾಲ್ಕನೆಯದು ಬಂದಾಗ ಅದು ಒಂದನೆಯದನ್ನು ಏಳಿಸುತ್ತದೆ. ಮರುಕ್ಷಣ ಬೇಕಾಗುವುದು ಒಂದನೆಯದೇ! ಅದಕ್ಕಾಗಿ ಎರಡನ್ನು ಏಳಿಸುತ್ತದೆ, ಆಮೇಲೆ ಬೇಕಾಗುವುದು ಎರಡೇ. ಪ್ರತಿ ಸಲವೂ ತಪ್ಪು. ಡೇಟಾಬೇಸ್‌ಗೆ ಮುಂದೇನು ಬೇಕೆಂದು ಎಷ್ಟೋ ಸಲ ಮೊದಲೇ ಗೊತ್ತಿರುತ್ತದೆ, ಅದನ್ನು ಕೇಳುವವರಿಲ್ಲ. ಬೆಲಾಡಿ ಹೇಳಿದ ಭವಿಷ್ಯಜ್ಞಾನ ಅಷ್ಟಿಷ್ಟು ಇರುವುದು ಇಲ್ಲೇ ಎನ್ನಬಹುದು. ಜೊತೆಗೆ, ಡೇಟಾಬೇಸ್ ತಾನೇ ಇಟ್ಟುಕೊಂಡ ಪುಟಗಳನ್ನು ಆಪರೇಟಿಂಗ್ ಸಿಸ್ಟಂ ಅದಕ್ಕೆ ತಿಳಿಸದೆ ಹೊರಹಾಕುವ ಇಬ್ಬಗೆಯ ಕಾಟ. ನಮ್ಮ ಸೋಮವಾರ ಅದೇ ಆಗಿತ್ತು.

ಹೀಗಾಗಿ ಮುಂದಿನ ದಶಕಗಳಲ್ಲಿ ಬೀಗಗಳು ಒಂದೊಂದಾಗಿ ಬಂದವು. ಸಿಸ್ಟಂ ಫೈವ್ ಯೂನಿಕ್ಸ್‌ನ ಶೇರ್ಡ್ ಮೆಮೊರಿಗೆ ಬೀಗ ಹಾಕುವ ಆದೇಶ ಸೇರಿತು. 1993ರ ಪೋಸಿಕ್ಸ್ ಮಾನಕದಲ್ಲಿ ಎಂಲಾಕ್ ಎಂಬುದು ದಾಖಲಾಯಿತು. ಎಚ್‌ಪಿಯ ಯೂನಿಕ್ಸ್‌ನಲ್ಲಿ ಡೇಟಾಬೇಸ್ ಗುಂಪಿಗೆ ಬೀಗ ಹಾಕುವ ಹಕ್ಕನ್ನು ಬೇರೆಯಾಗಿ ಬರೆದುಕೊಡಬೇಕಿತ್ತು. ಒರಾಕಲ್‌ನಲ್ಲಿ ಲಾಕ್ ಎಸ್‌ಜಿಎ ಎಂಬ ಸೆಟ್ಟಿಂಗ್ ಬಂತು. ಸನ್ ಕಂಪನಿಯ ಸೊಲಾರಿಸ್‌ನಲ್ಲಿ ಇಂಟಿಮೇಟ್ ಶೇರ್ಡ್ ಮೆಮೊರಿ ಎಂಬ ಸೊಗಸಾದ ಹೆಸರಿನ ಏರ್ಪಾಡಿತ್ತು. ಅದನ್ನು ಬಳಸಿದರೆ ಬೀಗ ತಾನಾಗಿಯೇ ಬೀಳುತ್ತಿತ್ತು. ಆ ಏರ್ಪಾಡಿನ ಇನ್ನೊಂದು ಗುಣ ಆಗ ನನ್ನ ಕಣ್ಣಿಗೆ ಬಿದ್ದಿದ್ದರೆ ಎರಡನೇ ಪೆಟ್ಟು ತಪ್ಪುತ್ತಿತ್ತು.

ಲಿನಕ್ಸ್‌ನಲ್ಲಿ ಈ ಜಗಳ 2004ರಲ್ಲಿ ಮತ್ತೆ ಹೊತ್ತಿಕೊಂಡಿತು. ರಾತ್ರಿ ಯಾವುದೋ ಕೆಲಸ ಓಡಿ, ಬೆಳಿಗ್ಗೆ ಬಂದು ಬ್ರೌಸರ್ ಮುಟ್ಟಿದರೆ ಅದು ಡಿಸ್ಕಿನಿಂದ ತೆವಳಿಕೊಂಡು ಬರುತ್ತದೆ ಎಂದು ಬಳಕೆದಾರರು ಗೊಣಗಿದರು. ಕರ್ನಲ್ ಹಿರಿಯ ಆಂಡ್ರ್ಯೂ ಮಾರ್ಟನ್ ಜಗ್ಗಲಿಲ್ಲ. ಯಾರೂ ಮುಟ್ಟದ ಪುಟ ರ‍್ಯಾಮ್‌ನಲ್ಲಿ ಯಾಕೆ ಇರಬೇಕು, ಆ ಜಾಗ ಉಪಯೋಗಕ್ಕೆ ಬರಲಿ ಎಂಬುದು ಅವರ ನಿಲುವು. ನ್ಯಾಯವಾಗಿ ನೋಡಿದರೆ ಅವರ ಮಾತಿನಲ್ಲಿ ತಪ್ಪಿಲ್ಲ. ಭಾನುವಾರ ಇಡೀ ರಾತ್ರಿ ನನ್ನ 40 ಜಿಬಿ ಸುಮ್ಮನೆ ಮಲಗಿತ್ತು, ಬ್ಯಾಕಪ್ ಒದ್ದಾಡುತ್ತಿತ್ತು. ಕರ್ನಲ್‌ಗೆ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಎಂದರೇನೆಂದು ಗೊತ್ತಿಲ್ಲ, ಅಷ್ಟೇ.

ಈಗ ಎರಡನೇ ಪೆಟ್ಟು. ಬೀಗ ಹಾಕಿ ಎಂಟು ತಿಂಗಳು ಎಲ್ಲ ಸುಗಮ. ಪ್ರತಿ ಸೋಮವಾರವೂ ನನ್ನ ಗೆಲುವು. ನಡುವೆ ಹೊಸ ಕೌಂಟರ್‌ಗಳು ಸೇರಿದವು, ಡೇಟಾಬೇಸ್‌ಗೆ ಬರುವ ಸೆಷನ್‌ಗಳು 150ರಿಂದ 300ಕ್ಕೆ ಏರಿದವು. ಒಂದು ಮಂಗಳವಾರ ಮಧ್ಯಾಹ್ನ ಡೇಟಾಬೇಸ್ ನಿಧಾನವಾಗಲಿಲ್ಲ. ಇದ್ದಕ್ಕಿದ್ದಂತೆ ಸತ್ತೇಹೋಯಿತು. ರ‍್ಯಾಮ್ ಪೂರ್ತಿ ಮುಗಿದಾಗ ಲಿನಕ್ಸ್ ಯಾವುದಾದರೂ ಒಂದು ಪ್ರೊಸೆಸ್ಸನ್ನು ಆರಿಸಿ ಕೊಲ್ಲುತ್ತದೆ. ಅದು ಆರಿಸಿದ್ದು ಡೇಟಾಬೇಸ್‌ನ ಒಂದು ಮುಖ್ಯ ಪ್ರೊಸೆಸ್ಸನ್ನು. ಈ ಕೊಲೆಗಾರನ ಬಗ್ಗೆ ಆಂಡ್ರೀಸ್ ಬ್ರೌವರ್ ಎಂಬವರು 2004ರಲ್ಲಿ ಒಂದು ನೀತಿಕತೆ ಹೇಳಿದ್ದರು. ಇಂಧನ ಕಡಿಮೆ ಹಾಕಿ ಹಾರಿಸಿದರೆ ಅಗ್ಗವೆಂದು ಕಂಡುಕೊಂಡ ವಿಮಾನ ಕಂಪನಿ, ಇಂಧನ ಮುಗಿದಾಗ ಯಾವ ಪ್ರಯಾಣಿಕನನ್ನು ಹೊರಗೆಸೆಯಬೇಕು ಎಂಬ ಬಗ್ಗೆ ಪಾಂಡಿತ್ಯಪೂರ್ಣ ಚರ್ಚೆ ನಡೆಸುತ್ತದೆಯಂತೆ.

ಜಾಗ ಎಲ್ಲಿ ಹೋಯಿತು? ನಾನು ಕಳೆದು ಉಳಿಸಿದ್ದ ಆ 24 ಜಿಬಿ? ಹಿರಿಯರೇ ನನ್ನ ಪಕ್ಕ ಕೂತು ಲೆಕ್ಕ ಬಿಡಿಸಿದರು. ಶೇರ್ಡ್ ಮೆಮೊರಿ ಎಲ್ಲರಿಗೂ ಒಂದೇ. ಆದರೆ ಅದರ ಯಾವ ಪುಟ ಎಲ್ಲಿದೆ ಎಂಬ ಪಟ್ಟಿಯನ್ನು ಪ್ರತಿ ಪ್ರೊಸೆಸ್ಸಿಗೂ ಬೇರೆ ಬೇರೆಯಾಗಿ ಇಡಬೇಕು. ಪುಟದ ಗಾತ್ರ 4 ಕೆಬಿ. 40 ಜಿಬಿಗೆ 1,04,85,760 ಪುಟಗಳು. ಪಟ್ಟಿಯಲ್ಲಿ ಒಂದೊಂದು ಪುಟಕ್ಕೆ 8 ಬೈಟ್. ಇಡೀ ಪ್ರದೇಶ ಸುತ್ತಿ ಬಂದ ಒಂದು ಸೆಷನ್‌ನ ಪಟ್ಟಿಯೇ 80 ಎಂಬಿ. ಅಂಥ 300 ಸೆಷನ್ ಎಂದರೆ 23 ಜಿಬಿಗೂ ಹೆಚ್ಚು. ಎಲ್ಲವೂ ಪೂರ್ತಿ ಸುತ್ತಿರಲಿಲ್ಲ ನಿಜ. ಆದರೆ ತಿಂಗಳುಗಟ್ಟಲೆ ಕಡಿಯದೆ ನಿಂತ ಸಂಪರ್ಕಗಳು ಒಂದೊಂದೇ ಪುಟ ಮುಟ್ಟುತ್ತಾ ಪಟ್ಟಿ ಬೆಳೆಸಿಕೊಂಡಿದ್ದವು, ಅದರ ಮೇಲೆ ಪ್ರತಿ ಸೆಷನ್‌ನ ಸ್ವಂತ ಖರ್ಚು ಬೇರೆ. ಈ ಪಟ್ಟಿಗಳನ್ನು ಸ್ವಾಪ್‌ಗೆ ಕಳಿಸಲಾಗದು. ಬೀಗ ಬಿದ್ದ 40 ಜಿಬಿಯನ್ನೂ ಮುಟ್ಟುವಂತಿಲ್ಲ. ಬೀಗ ಇಲ್ಲದಿದ್ದರೆ ಸರ್ವರ್ ಕುಂಟುತ್ತಿತ್ತು, ನಮಗೆ ಎಚ್ಚರಿಕೆ ಸಿಗುತ್ತಿತ್ತು. ಬೀಗ ಹಾಕಿ ನಾನು ಆ ಕುಂಟುವ ದಾರಿಯನ್ನೂ ಮುಚ್ಚಿದ್ದೆ.

"ನಾಳೆ ಎಷ್ಟು ಮಂದಿ ಬರ್ತಾರ ಅಂತ ಕೇಳಿದ್ನಲ್ಲ," ಎಂದರು. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ.

ಮದ್ದು ಲಿನಕ್ಸ್‌ನಲ್ಲೇ ಇತ್ತು. 4 ಕೆಬಿಯ ಬದಲು 2 ಎಂಬಿಯ ದೊಡ್ಡ ಪುಟಗಳು, ಹ್ಯೂಜ್ ಪೇಜಸ್. 40 ಜಿಬಿಗೆ 20,480 ಪುಟಗಳು ಸಾಕು. ಒಂದು ಸೆಷನ್‌ನ ಪಟ್ಟಿ 160 ಕೆಬಿ, ಮುನ್ನೂರಕ್ಕೂ ಸೇರಿ 47 ಎಂಬಿ. ಈ ದೊಡ್ಡ ಪುಟಗಳನ್ನು ಕರ್ನಲ್ ಸ್ವಾಪ್ ಮಾಡುವುದೇ ಇಲ್ಲ, ಹಾಗಾಗಿ ಬೇರೆ ಬೀಗವೇ ಬೇಡ. ಸೊಲಾರಿಸ್‌ನ ಆ ಏರ್ಪಾಡಿನಲ್ಲಿ ನಾನು ಗಮನಿಸದಿದ್ದ ಇನ್ನೊಂದು ಗುಣವೂ ಇದೇ ಜಾತಿಯದು. ಅದು ನೆನಪಿನ ಜೊತೆಗೆ ಪಟ್ಟಿಯನ್ನೂ ಎಲ್ಲರಿಗೂ ಒಂದೇ ಮಾಡುತ್ತಿತ್ತು. ಬೀಗ ಹಾಕುವ ಮುನ್ನ ಪಟ್ಟಿಯ ಖರ್ಚನ್ನು ನೋಡಬೇಕೆಂದು ಆ ಎಂಜಿನಿಯರ್‌ಗಳಿಗೆ ಗೊತ್ತಿತ್ತು. ಹಾಗೆಂದು ಹ್ಯೂಜ್ ಪೇಜಸ್ ಪುಕ್ಕಟೆ ಅಲ್ಲ. ಒಮ್ಮೆ ಕಾದಿರಿಸಿದ ಜಾಗ ಡೇಟಾಬೇಸ್ ನಿಂತಿದ್ದಾಗಲೂ ಉಳಿದ ಕೆಲಸಗಳಿಗೆ ಸಿಗದು. ಟವೆಲ್ ಹಾಕಿದವರು ಬಸ್ಸೇ ಹತ್ತದಿದ್ದರೂ ಸೀಟು ಖಾಲಿ ಹೋಗುತ್ತದೆ.

ಈ ಎಲ್ಲ ಓದಿನಲ್ಲಿ ನನಗೆ ತಮಾಷೆ ಎನಿಸಿದ್ದು ಸ್ಟೋನ್‌ಬ್ರೇಕರ್ ವಂಶದ ಕತೆ. ಇಂಗ್ರೆಸ್ ನಂತರ 1986ರಲ್ಲಿ ಅವರು ಪೋಸ್ಟ್‌ಗ್ರೆಸ್ ಶುರುಮಾಡಿದರು. ಅದರಿಂದ ಬಂದದ್ದು ಇಂದಿನ ಪೋಸ್ಟ್‌ಗ್ರೆಸ್‌ಕ್ಯೂಎಲ್. ಆಪರೇಟಿಂಗ್ ಸಿಸ್ಟಂ ನಂಬಬೇಡಿ ಎಂದವರ ಮನೆಯ ಕೂಸು ಅದು. ಆದರೆ ಇಂದು ದೊಡ್ಡ ಡೇಟಾಬೇಸ್‌ಗಳ ನಡುವೆ ಆಪರೇಟಿಂಗ್ ಸಿಸ್ಟಂನ ನೆನಪನ್ನು ಹೆಚ್ಚು ನೆಚ್ಚಿಕೊಂಡಿರುವುದು ಅದೇ. ರ‍್ಯಾಮ್‌ನ ಕಾಲುಭಾಗ ತನಗಿಟ್ಟುಕೊಂಡು ಉಳಿದದ್ದನ್ನು ಕರ್ನಲ್‌ಗೆ ಬಿಡಿ ಎಂಬುದು ಅಲ್ಲಿನ ವಾಡಿಕೆಯ ಸಲಹೆ. ಹ್ಯೂಜ್ ಪೇಜಸ್ ಸೆಟ್ಟಿಂಗ್ ಅದಕ್ಕೆ ಬಂದದ್ದು 2014ರ ಆವೃತ್ತಿಯಲ್ಲಿ. ಅದೇ ವರ್ಷದ ಟ್ಯೂರಿಂಗ್ ಪ್ರಶಸ್ತಿ ಸ್ಟೋನ್‌ಬ್ರೇಕರ್‌ಗೆ.

ನಮ್ಮ ಹಿರಿಯರು ನಿವೃತ್ತರಾಗಿ ಊರಿಗೆ ಹೋದರು. ಹ್ಯೂಜ್ ಪೇಜಸ್ ಜೊತೆಗೆ ಅವರು ಹೋಗುವ ಮುನ್ನ ನಾವಿಬ್ಬರೂ ಕೂತು ಇನ್ನೊಂದು ಕೆಲಸ ಮಾಡಿದ್ದೆವು. ಒಂದು ಸೆಷನ್‌ಗೆ ಇಷ್ಟು, ಬ್ಯಾಕಪ್‌ಗೆ ಇಷ್ಟು, ಕರ್ನಲ್‌ಗೆ ಇಷ್ಟು ಎಂದು ಬರೆದು ಕೂಡಿಸಿ, ಏಕಕಾಲಕ್ಕೆ 320ಕ್ಕಿಂತ ಹೆಚ್ಚು ಸೆಷನ್‌ಗಳು ಬೇಡ ಎಂದು ಮಿತಿ ಹಾಕಿದೆವು. ಅದಾಗಿ ಮೂರನೇ ತಿಂಗಳ ಮೊದಲ ದಿನ ಬೆಳಿಗ್ಗೆ ಒಂದು ಕೌಂಟರ್‌ನಿಂದ ಫೋನು ಬಂತು. ಎಲ್ಲರಿಗೂ ಬರುತ್ತಿದೆ, ತನಗೊಬ್ಬಳಿಗೆ ಲಾಗಿನ್ ಆಗುತ್ತಿಲ್ಲ ಎಂದಳು ಹುಡುಗಿ. ನೋಡಿದೆ. 320 ಭರ್ತಿ.

"ಐದು ನಿಮಿಷ ಬಿಟ್ಟು ಮತ್ತೆ ನೋಡಮ್ಮ," ಎಂದೆ.

"ಸರ್, ಇಲ್ಲಿ ಸಾಲು ರಸ್ತೆವರೆಗೆ ಹೋಗಿದೆ," ಎಂದಳು.